ಅರೆಬೆಂದ ರೊಟ್ಟಿ

ಚಿಲಿಯ ತೆಂಕಣ ತುದಿ, ಸಾಂತಾ ಬ್ರಿಗಿದಾ ಬಂದರು.
ನಮ್ಮ ಬೀದಿಗೆಲ್ಲ ಒಂದೇ ತಂತಿ:
ಮೊದಲು ಮೀನಿನ ಡಬ್ಬಿ ಕಾರ್ಖಾನೆಗೆ,
ಅಲ್ಲಿಂದ ನನ್ನ ಅಡಿಗೆಮನೆಗೆ.
ಕಾರ್ಖಾನೆ ಮುಚ್ಚಿತು, ಸೈನ್ಯ ಬಂತು.
ತಂತಿ ಬದಲಾಗಲಿಲ್ಲ.

ಮಂಗಳವಾರ ರಾತ್ರಿ ಇಗರ್ಜಿಗೆ ರೊಟ್ಟಿ ಸುಡುತ್ತಿದ್ದೆ.
ಹಿಟ್ಟು, ನೀರು. ಉಪ್ಪಿಲ್ಲ, ಹುಳಿಯಿಲ್ಲ.
ಕರೆಂಟಿನ ಅಚ್ಚುಕಾವಲಿಯ ಎರಡು ದವಡೆ ನಡುವೆ
ಒಂದು ಸೌಟು ಹುಯ್ದು ಇಪ್ಪತ್ತು ಎಣಿಸಿದರೆ
ನಡುವೆ ಪುಟ್ಟ ಶಿಲುಬೆ ಮೂಡಿದ ತೆಳು ಹಾಳೆ.

ಅಂದು ಹನ್ನೊಂದರ ಹೊತ್ತಿಗೆ ಬಲ್ಬು ಕುಗ್ಗಿತು.
ರೇಡಿಯೊ ಗಂಟಲು ಕಟ್ಟಿ ನಿಂತಿತು.
ಮತ್ತೆ ಬೆಳಕು. ಮತ್ತೆ ಕುಗ್ಗಿತು.
"ಹಳೇ ತಂತಿ" ಎಂದ ನನ್ನ ಗಂಡ, ಹೊದಿಕೆ ಎಳೆದುಕೊಂಡ.
ಹಳೇ ತಂತಿ ಹೀಗೆ ತಡೆದು ತಡೆದು ಕುಗ್ಗುತ್ತದೆಯೇ,
ಪ್ರಶ್ನೆ ಕೇಳಿ
ಉತ್ತರಕ್ಕೆ ಕಾಯುವವರ ಹಾಗೆ?

ಕಾವಲಿ ತೆರೆದೆ. ರೊಟ್ಟಿ ಬಿಳಿಚಿತ್ತು, ಅಂಟಂಟು.
ಶಿಲುಬೆ ಮೂಡಿರಲಿಲ್ಲ.

ನಾಲ್ಕು ದಿನದ ಮೇಲೆ ಬಲೆ ಹೆಣೆಯುವ ಅಬೆಲಾರ್ದೊ ವಾಪಸು ಬಂದ.
ಸೂಜಿ ಹಿಡಿಯಹೋದರೆ ಬೆರಳು ಬೇರೆ ಯಾರದೋ.
ಏನೂ ಹೇಳಲಿಲ್ಲ.
ಕತ್ತಲಾಯಿತೆಂದು ನಾನು ಸ್ವಿಚ್ಚು ಒತ್ತಿದೆ,
ಟಕ್ ಎಂದಿತು, ಅಷ್ಟೆ.
ಅವನು ಮೇಜಿನ ಕೆಳಗೆ ಹೋಗಿ ಕೂತ.

ಕಾರ್ಖಾನೆಯಲ್ಲಿ ಸ್ವಿಚ್ಚಿನ ಬಳಿ ಕೂರುತ್ತಿದ್ದವನು ರಾಮಿರೊ.
ಅವನಿಗೆ ನಾನು ಜ್ಞಾನತಾಯಿ.
ನಲವತ್ತು ದಿನದ ಕೂಸು, ನನ್ನ ತೋಳಲ್ಲಿ ನಿದ್ದೆ.
"ಸೈತಾನನನ್ನೂ ಅವನ ಕೃತ್ಯಗಳನ್ನೂ ತ್ಯಜಿಸುತ್ತೀಯಾ?"
ಗುರುಗಳು ಕೇಳಿದ್ದು ಅವನನ್ನು.
"ತ್ಯಜಿಸುತ್ತೇನೆ" ಎಂದ ಬಾಯಿ ನನ್ನದು.
ಆ ಮಾತಿನ ಸಾಲ ಇನ್ನೂ ನನ್ನ ಹೆಸರಲ್ಲಿದೆ.

ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ
ನನ್ನ ಮನೆಗೆ ಸೂಪು ಕುಡಿಯಲು ಬಂದ.
ನಾನು ಕೇಳಿದೆ. ಅವನು ಹೇಳಿದ:
"ಒಬ್ಬನ ನೋವು, ನೂರು ಜನರ ಪ್ರಾಣ. ಲೆಕ್ಕ ಹಾಕಿ, ಮಾದ್ರಿನಾ."
ಹಾಕಿದ್ದೆ. ಈ ಲೆಕ್ಕ ಹೊಸದಲ್ಲ.
ಜನರೆಲ್ಲರ ಬದಲು ಒಬ್ಬ ಸಾಯುವುದು ಲೇಸೆಂದು
ಕಾಯಫನೂ ಕೂಡಿಸಿ ಕಳೆದಿದ್ದ.
ಅವನ ನಿಲುವಂಗಿಗೂ ಇಸ್ತ್ರಿಯಾಗಿತ್ತೇನೋ.
ಕಂಬಕ್ಕೆ ಕಟ್ಟಿಸಿಕೊಂಡು ಚಾವಟಿಯೇಟು ತಿಂದವನನ್ನು
ನಾವು ಪೀಠದ ಮೇಲಿಟ್ಟಿದ್ದೇವೆ, ರಾಮಿರೊ,
ಚಾವಟಿ ಹಿಡಿದವನನ್ನಲ್ಲ.

ಬಿಳಿಚಿದ ರೊಟ್ಟಿಗಳನ್ನು ತಟ್ಟೆಯಲ್ಲಿಟ್ಟೆ.
"ತಿನ್ನು."
"ಇದು ಹಸಿ."
"ಹೌದು. ನಿನ್ನ ಕೈಗುಣ."

ಟೋಪಿ ಹಾಕಿಕೊಂಡು ಹೊರಟ.
ಮುಂದಿನ ಮಂಗಳವಾರ
ಬಲ್ಬು ಇನ್ನೂ ಹೆಚ್ಚು ಹೊತ್ತು ಕುಗ್ಗಿತ್ತು.
ಅದು ನನ್ನ ಮಾತಿನ ಫಲವೇ?
ಪಾಪನಿವೇದನೆಯಲ್ಲಿ ಕೇಳಿದೆ. ಗುರುಗಳು ಕೆಮ್ಮಿದರು.

ಹದಿನೆಂಟು ವರ್ಷದ ಮೇಲೆ ರಾಜಧಾನಿಯಿಂದ ಆಯೋಗ ಬಂತು.
ಟೈಪ್‌ರೈಟರಿನ ಹುಡುಗಿ ಕೇಳಿದಳು: ಪುರಾವೆ?
ಬಿಸ್ಕತ್ತಿನ ಡಬ್ಬ ಮುಂದಿಟ್ಟೆ.
ಒಂದೊಂದರ ಕೆಳಗೂ ಚೀಟಿ, ತಾರೀಖು, ಗಂಟೆ.
ಮುನ್ನೂರ ಹನ್ನೊಂದು. ಇರುವೆ ಸಹ ಮುಟ್ಟಿರಲಿಲ್ಲ.
ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ತಿಳಿಯದೆ
ಅವಳು ಬಹಳ ಹೊತ್ತು ಡಬ್ಬವನ್ನೇ ನೋಡಿದಳು.

ಈಗ ರಾಮಿರೊ ಹೇಳಿಕಳಿಸಿದ್ದಾನೆ, ಕ್ಷಮಿಸು ಎಂದು.
ನಾನೇನು ಕ್ಷಮಿಸಲಿ? ನನ್ನ ಬಲ್ಬು ಕುಗ್ಗಿತ್ತು, ಅಷ್ಟೆ.
ಕ್ಷಮೆ ಇದ್ದರೆ ಇಲ್ಲಿಂದ ಮೂರನೆಯ ಮನೆಯಲ್ಲಿದೆ, ನೀಲಿ ಬಾಗಿಲು.
ಕೊಡದೆಯೂ ಇರಬಹುದು. ಅದು ಅಬೆಲಾರ್ದೊನ ಸ್ವತ್ತು.
ಹಗಲು ಹೊತ್ತು ಹೋಗಲಿ, ನಡೆದು ಹೋಗಲಿ.
ಬೇಕಾದರೆ ಜೊತೆಗೆ ಬರುತ್ತೇನೆ,
ಅಂದು ಎತ್ತಿಕೊಂಡು ಹೋದವಳಲ್ಲವೇ.

ಆ ಮನೆಗೆ ಕರೆಗಂಟೆಯಿಲ್ಲ,
ಒತ್ತುವಂಥದ್ದು ಏನೂ ಇಲ್ಲ.
ತಟ್ಟಬೇಕು.
ಈ ಸಲ ಅವನ ಬದಲು
ನಾನು ಬಾಯಿ ತೆರೆಯುವುದಿಲ್ಲ.